ಗಿರಿಜ ಕೂರುತ್ತಿದ್ದ ಜಾಗ

ಈಗಿನ ತೊಗರಿಬೇಳೆಯಲ್ಲಿ ಕಲ್ಲು ಇರುವುದಿಲ್ಲ. ಎಲ್ಲರಿಗೂ ಇದು ಒಳ್ಳೆಯ ಸುದ್ದಿ. ನನಗೆ ಮಾತ್ರ ಇದರಿಂದ ಬೆಳಗಿನ ಅರ್ಧ ಗಂಟೆ ಹಾಳಾಗಿದೆ. ಒಬ್ಬನೇ ಇರುವವನ ಸಾರಿಗೆ ಎಷ್ಟು ಬೇಳೆ ಬೇಕು, ಒಂದು ಹಿಡಿ. ಆ ಹಿಡಿಯನ್ನು ಹಳೆಯ ಪೇಪರಿನ ಮೇಲೆ ಹರಡಿ, ಕನ್ನಡಕ ಏರಿಸಿಕೊಂಡು, ಬೆರಳಿನಿಂದ ಆಚೆಗೊಂದು ಈಚೆಗೊಂದು ದೂಡುತ್ತಾ ಕೂರುತ್ತೇನೆ. ಆರಿಸಲು ಏನೂ ಸಿಗುವುದಿಲ್ಲ. ಕೊನೆಗೆ ಬಣ್ಣ ಸ್ವಲ್ಪ ಕಮ್ಮಿ ಎಂಬ ನೆಪ ಹೂಡಿ ನಾಲ್ಕು ಬೇಳೆಯನ್ನು ಪಕ್ಕಕ್ಕಿಡುತ್ತೇನೆ. ಆಮೇಲೆ ಮನಸ್ಸು ತಡೆಯದೆ ಅವನ್ನೂ ಪಾತ್ರೆಗೆ ಹಾಕುತ್ತೇನೆ.

ಹೋಟೆಲಿಗೆ ಹೋದರೂ ಇದೇ ಕತೆ. ಚಿತ್ರಾನ್ನ ತಂದಿಟ್ಟರೆ ನನಗೇ ಗೊತ್ತಿಲ್ಲದಂತೆ ಕಡಲೆಬೀಜ ಒಂದು ಕಡೆ, ಉದ್ದಿನಬೇಳೆ ಒಂದು ಕಡೆ, ಒಗ್ಗರಣೆಯಲ್ಲಿ ಸೀದದ್ದೆಲ್ಲ ತಟ್ಟೆಯ ಅಂಚಿಗೆ ಸಾಲಾಗಿ ನಿಂತಿರುತ್ತವೆ. ಮೊನ್ನೆ ಬಸ್ ಸ್ಟ್ಯಾಂಡಿನ ಹೋಟೆಲಿನವರು ಬಿಲ್ಲು ಕೊಡಲು ಬಂದು ತಟ್ಟೆ ನೋಡಿ, “ಎಂತ ಸಾರ್, ತಿಂಡಿ ತಿಂದ್ರೋ ಪರೀಕ್ಷೆ ಮಾಡಿದ್ರೋ?” ಎಂದರು. ನಾನು ಏನು ಹೇಳಲಿ, ಮೂವತ್ತೊಂದು ವರ್ಷದ ಚಾಳಿ ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಿಮಗಾದರೂ ಬಿಡಿಸಿ ಹೇಳುತ್ತೇನೆ.

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ರೈಟರ್ ಆಗಿದ್ದೆ. ನಮ್ಮ ಕಡೆ ರೈಟರ್ ಎಂದರೆ ಕತೆ ಕಾದಂಬರಿ ಬರೆಯುವವನಲ್ಲ, ಲೆಕ್ಕದ ಪುಸ್ತಕ ಹಿಡಿದು ಆಳುಗಳ ಹಿಂದೆ ತಿರುಗುವ ಗುಮಾಸ್ತ. ತೋಟಗಳಿಂದ ಒಣಗಿದ ಕಾಫಿ ಲಾರಿಯಲ್ಲಿ ಬರುತ್ತದೆ. ಮಿಷನ್ನು ಅದರ ಸಿಪ್ಪೆ ಬಿಡಿಸಿ, ಜರಡಿ ಹಿಡಿದು ದಪ್ಪ ಸಣ್ಣ ಮಾಡಿ ಕೊಡುತ್ತದೆ. ಆದರೆ ಕಪ್ಪಾದ ಬೀಜ, ಒಡೆದ ಬೀಜ, ಹುಳ ಕೊರೆದ ಬೀಜ ಯಾವುದು ಎಂದು ನೋಡಲು ಆಗ ಮಿಷನ್ನಿಗೆ ಕಣ್ಣಿರಲಿಲ್ಲ. ಆ ಕೆಲಸಕ್ಕೆ ಹೆಂಗಸರು ಬೇಕಿತ್ತು. ಉದ್ದನೆಯ ಹಾಲಿನ ನೆಲದ ಮೇಲೆ ಸಾಲು ಸಾಲಾಗಿ ಅರವತ್ತು ಹೆಂಗಸರು ಮುಂದೆ ಮೊರ ಇಟ್ಟುಕೊಂಡು ಬೆಳಗಿನಿಂದ ಸಂಜೆವರೆಗೆ ಬೀಜ ಆರಿಸುತ್ತಿದ್ದರು. ಇದಕ್ಕೆ ಗಾರ್ಬ್ಲಿಂಗ್ ಎಂದು ಹೆಸರು. ಹಾಲಿನ ಒಂದು ತುದಿಯಲ್ಲಿ ಮೇಜು, ಮೇಜಿನ ಹಿಂದೆ ನಾನು.

ನಾನು ಹುಟ್ಟಿದ್ದು ಗೋಣಿಬೀಡಿನ ಹತ್ತಿರದ ಒಂದು ಎಸ್ಟೇಟಿನ ಲೈನ್ ಮನೆಯಲ್ಲಿ. ಅಪ್ಪನೂ ರೈಟರ್. ಅಂದರೆ ನನ್ನ ಮನೆತನ ಕಾಫಿಯ ಮನೆತನವೇ, ಆದರೆ ನಮ್ಮ ಹೆಸರಿನಲ್ಲಿ ಒಂದು ಕಾಫಿ ಗಿಡವೂ ಇರಲಿಲ್ಲ. ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಕಾಫಿ ಬೀಜ, ಒಣಗಲು ಹಾಕಿದಾಗ ಅದರ ಮೇಲೆ ಬರಿಗಾಲಲ್ಲಿ ಗೆರೆ ಎಳೆಯುತ್ತಾ ನಡೆಯುವುದು ನಮ್ಮ ಆಟ. ಬಿಸಿಲಿಗೆ ಕಾದ ಬೀಜ ಪಾದಕ್ಕೆ ಕಚಗುಳಿ ಇಡುತ್ತಿತ್ತು. ಸಾಹುಕಾರರು ಬಂದರೆ ಅದೇ ಆಟ ಕೆಲಸವಾಗುತ್ತಿತ್ತು, ಅಪ್ಪ ದೂರದಿಂದಲೇ “ಹುಡುಗ್ರು ಕಾಫಿ ತಿರುವಿ ಹಾಕ್ತಾ ಇದಾರೆ ಸ್ವಾಮಿ” ಎನ್ನುತ್ತಿದ್ದರು.

ನಮ್ಮ ಅಜ್ಜಿಗೆ ಎಲೆ ಅಡಿಕೆ ಇಲ್ಲದೆ ಹೊತ್ತು ಹೋಗುತ್ತಿರಲಿಲ್ಲ. ಎಲೆಗೆ ಸುಣ್ಣ ಸವರಿ, ಬೆರಳಲ್ಲಿ ಉಳಿದದ್ದನ್ನು ಜಗಲಿಯ ಕಂಬಕ್ಕೆ ಒರೆಸುತ್ತಿದ್ದಳು. ಅವಳೊಬ್ಬಳೇ ಅಲ್ಲ, ಬಂದವರೂ ಅದೇ ಕಂಬಕ್ಕೇ ಒರೆಸುತ್ತಿದ್ದರು. ನೀವು ಯಾವ ಹಳೆಯ ಮನೆಗೆ ಹೋದರೂ ನೋಡಿ, ಕೂತರೆ ಕೈ ಎಟುಕುವ ಎತ್ತರದಲ್ಲಿ ಕಂಬದ ಮೇಲೆ ಬಿಳಿ ಬಿಳಿ ಬೆರಳಿನ ಗೆರೆಗಳು ಇದ್ದೇ ಇರುತ್ತವೆ. ಅಮ್ಮನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಮನೆಗೆ ಯಾರಾದರೂ ದೊಡ್ಡವರು ಬರುತ್ತಾರೆ ಎಂದು ಗೊತ್ತಾದ ತಕ್ಷಣ ಅವಳು ಮಾಡುತ್ತಿದ್ದ ಮೊದಲ ಕೆಲಸ, ಹುಣಸೆಹುಳಿ ಕಿವುಚಿ ತೆಂಗಿನ ನಾರು ತೆಗೆದುಕೊಂಡು ಆ ಕಂಬವನ್ನು ತಿಕ್ಕುವುದು. ಅಡುಗೆ ಆಮೇಲೆ. ಆ ನಾರು ಎಷ್ಟೋ ಸಲ ನನ್ನ ಕೈಗೂ ಬಂದಿದೆ. ಬರುವವರು ನಮ್ಮನ್ನು ನೋಡುವ ಮೊದಲು ಕಂಬ ನೋಡುತ್ತಾರೆ ಎಂದು ನಾನು ಬಹಳ ವರ್ಷ ನಂಬಿದ್ದೆ.

ಕ್ಯೂರಿಂಗ್ ವರ್ಕ್ಸ್‌ನ ಹಾಲಿನಲ್ಲೂ ಬಾಗಿಲ ಪಕ್ಕ ಒಂದು ದಪ್ಪ ಸಾಗುವಾನಿ ಕಂಬವಿತ್ತು. ಹತ್ತೂವರೆಗೆ ಬಿಡುವು ಕೊಟ್ಟಾಗ ಹೆಂಗಸರೆಲ್ಲ ಅದರ ಸುತ್ತ ಕೂತು ಎಲೆ ಹಾಕಿಕೊಂಡು ಸುಣ್ಣವನ್ನು ಅದಕ್ಕೇ ಒರೆಸುತ್ತಿದ್ದರು. ನಾನು ಮೇಜಿನಿಂದ ಕೂಗುತ್ತಿದ್ದೆ. ಕೂಗಿದಷ್ಟೂ ಅವರಿಗೆ ಖುಷಿ.

“ರೈಟ್ರೇ, ಕಂಬಕ್ಕೆ ನೋವಾಗುತ್ತಾ?” ಎನ್ನುತ್ತಿದ್ದರು ಸಂಸೆ ಸೀತಮ್ಮ. ಹಾಲಿನಲ್ಲಿ ಇಬ್ಬರು ಸೀತಮ್ಮ ಇದ್ದದ್ದರಿಂದ ಕಳಸದ ಕಡೆಯಿಂದ ಬಂದ ಈ ಸೀತಮ್ಮನ ಹೆಸರಿಗೆ ಊರೂ ಅಂಟಿಕೊಂಡಿತ್ತು. ಬಾಯಿ ಜೋರು, ಕೈ ಇನ್ನೂ ಜೋರು, ಆ ಜೋರಿನಲ್ಲಿ ಕಪ್ಪು ಬೀಜ ಹತ್ತಾರು ಒಳಗೇ ಉಳಿದುಬಿಡುತ್ತಿದ್ದವು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಆರಿಸಿ ಮುಗಿದ ಮೊರವನ್ನು ಕೆಲಸದ ಮೇಸ್ತ್ರಿ ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದ. ನಾನು ಬೀಜದಲ್ಲಿ ಬೆರಳಾಡಿಸಿ ನೋಡುತ್ತಿದ್ದೆ. ಚೆನ್ನಾಗಿದ್ದರೆ ಪಕ್ಕದ ಗೋಣಿಚೀಲಕ್ಕೆ ಸುರಿದಾಯಿತು, ಮುಗಿಯಿತು. ತಪ್ಪು ಕಂಡರೆ ಮಾತ್ರ ಆ ಮೊರವನ್ನು ಮೇಸ್ತ್ರಿ ಕೈಗೆ ಕೊಡುವಂತಿರಲಿಲ್ಲ. ರೈಟರೇ ಎದ್ದು, ಎಲ್ಲರೂ ನೋಡುವಂತೆ ಹೊತ್ತುಕೊಂಡು ಹೋಗಿ, ಆರಿಸಿದವಳ ಮುಂದೆ ಇಡಬೇಕು. ಮಾತಾಡುವ ಹಾಗಿಲ್ಲ. ಇಟ್ಟು ಬಂದರೆ ಸಾಕು, ಅವಳ ಮುಖ ಸಣ್ಣದಾಗುತ್ತಿತ್ತು. ಹೀಗೆ ಮೂವತ್ತೊಂದು ವರ್ಷ ಮೊರ ಹೊತ್ತು ಹೊತ್ತು ನನಗೆ ಯಾರು ಎಲ್ಲಿ ಕೂರುತ್ತಾರೆ ಎಂಬುದು ಬಾಯಿಪಾಠವಾಗಿತ್ತು. ಮುಖ ಮರೆತರೂ ಜಾಗ ಮರೆಯುತ್ತಿರಲಿಲ್ಲ.

ನನ್ನ ಮದುವೆಯ ಮಾತು ಬಂದದ್ದೂ ಆ ಹಾಲಿನಿಂದಲೇ. ಮೇಸ್ತ್ರಿ ಒಂದು ದಿನ ತಲೆ ಕೆರೆದುಕೊಂಡು ನಿಂತು, “ನಮ್ಮ ಅಕ್ಕನ ಮಗಳು ಗಿರಿಜ ಅಂತ, ಇಲ್ಲೇ ಆರಿಸ್ತಾಳೆ, ನೀವು ನೋಡಿರ್ತೀರಿ” ಎಂದ. ನಾನು ನೋಡಿರಲಿಲ್ಲ. ನೋಡಿಲ್ಲ ಎನ್ನಲು ನಾಚಿಕೆಯಾಗಿ “ಹೂಂ” ಎಂದೆ. ಮರುದಿನದಿಂದ ನನ್ನ ಅವಸ್ಥೆ ಕೇಳಬೇಡಿ. ಅರವತ್ತು ಜನರಲ್ಲಿ ಆ ಒಬ್ಬಳು ಯಾರೋ ನನ್ನನ್ನು ನೋಡುತ್ತಿರುತ್ತಾಳೆ ಎಂದು ನೆನೆದೇ ಕತ್ತು ಬಗ್ಗಿದ್ದು, ಮದುವೆಯ ಮಂಟಪದವರೆಗೂ ನೆಟ್ಟಗಾಗಲಿಲ್ಲ. ಅವಳನ್ನು ನಾನು ಸರಿಯಾಗಿ ನೋಡಿದ್ದು ಹುಡುಗಿ ತೋರಿಸುವ ಶಾಸ್ತ್ರಕ್ಕೆ ಅವರ ಮನೆಗೆ ಹೋದಾಗ. ಗಿಡ್ಡ, ಕಪ್ಪು, ಕಣ್ಣಿನಲ್ಲಿ ನಗು. ಒಪ್ಪಿದೆ. ಮದುವೆಯಾದ ವಾರಕ್ಕೆ “ರೈಟರ ಹೆಂಡತಿ ನೆಲದ ಮೇಲೆ ಕೂತು ಆರಿಸಿದ್ರೆ ಚೆನ್ನಾಗಿರಲ್ಲ” ಎಂದು ಅವಳ ಕೆಲಸ ಬಿಡಿಸಿದೆ. ಅವಳು ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಮಾತಾಡಿದಳು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಆಮೇಲೆ ವರ್ಷಗಟ್ಟಲೆ ಅವಳು ನನ್ನನ್ನು ಕೆಣಕುತ್ತಿದ್ದಳು. ಕಾಫಿ ಲೋಟ ಕೈಗಿಡುತ್ತಾ, “ನಾನು ಹಾಲಿನಲ್ಲಿ ಎಲ್ಲಿ ಕೂರ್ತಿದ್ದೆ ಹೇಳಿ ನೋಡೋಣ?” ಎನ್ನುತ್ತಿದ್ದಳು.

“ಗೊತ್ತಿಲ್ದೆ ಏನು” ಎಂದು ನಾನು ಪೇಪರು ಬಿಚ್ಚುತ್ತಿದ್ದೆ.

“ಆ ಬಾಗಿಲ ಕಂಬದ ಮೇಲೆ ಎಲ್ಲಕ್ಕಿಂತ ಕೆಳಗೆ ಇರೋ ಸುಣ್ಣದ ಗೆರೆ ನಂದು. ನನಗೆ ಮೇಲೆ ಎಟುಕ್ತಿರ್ಲಿಲ್ಲ. ಅದಾದ್ರೂ ನೋಡಿದೀರಾ?”

ಅದನ್ನು ನೋಡಿದ್ದೆ. ಮರುದಿನವೇ ಹೋಗಿ ಯಾರೂ ಇಲ್ಲದಾಗ ಬಗ್ಗಿ ನೋಡಿದ್ದೆ. ಎರಡು ಸಣ್ಣ ಬೆರಳಿನ ಗೆರೆ, ನೆಲದಿಂದ ಒಂದು ಮೊಳ ಮೇಲೆ. ಅವಳಿಗೆ ನೋಡಿದ್ದನ್ನು ಹೇಳಲಿಲ್ಲ.

ವರ್ಕ್ಸ್‌ಗೆ ಬಣ್ಣ ನೋಡಿ ಬೀಜ ಆರಿಸುವ ಮಿಷನ್ನು ಬಂತು, ಹೆಂಗಸರು ಹೋದರು. ಕೊನೆಗೆ ಮಿಷನ್ನೂ ಬೇರೆ ಊರಿಗೆ ಹೋಯಿತು, ಬೀಗ ಬಿತ್ತು. ಮಾಲೀಕರು ಬೀಗದ ಕೈಯನ್ನು ಹತ್ತಿರದಲ್ಲೇ ಮನೆ ಇರುವ ನನ್ನ ಬಳಿ ಬಿಟ್ಟುಹೋದರು. ಅದಾದ ಎರಡನೇ ವರ್ಷ ಗಿರಿಜ ತೀರಿಕೊಂಡಳು. ನಮಗೆ ಮಕ್ಕಳಿಲ್ಲ. ಅವಳ ಸೀರೆಗಳನ್ನು ಅವಳ ತಂಗಿ ತೆಗೆದುಕೊಂಡು ಹೋದಳು. ಮನೆಯಲ್ಲಿ ಅವಳ ಕೈ ತಾಗಿದ ವಸ್ತು ಇನ್ನೂ ಎಷ್ಟೋ ಇವೆ, ಆದರೆ ಅವೆಲ್ಲ ನನ್ನ ಕೈಯೂ ತಾಗಿದವು. ಅವಳದೇ ಎನ್ನುವಂಥದ್ದು, ನನ್ನ ಹೆಂಡತಿ ಆಗುವ ಮೊದಲಿನ ಗಿರಿಜಳದು, ಆ ಕಂಬದ ಮೇಲಿನ ಎರಡು ಗೆರೆ ಮಾತ್ರ.

ಇಂಥ ಹೊತ್ತಿನಲ್ಲಿ ಆ ಕಟ್ಟಡವನ್ನು ದುರಸ್ತಿ ಮಾಡಿ ಕಾಫಿ ಮ್ಯೂಸಿಯಂ ಮಾಡುತ್ತಾರೆ ಎಂಬ ಸುದ್ದಿ ಬಂತು. ಒಬ್ಬ ಅಧಿಕಾರಿ ಫೋನ್ ಮಾಡಿದರು. “ನಾಳೆ ಮೈಸೂರಿಂದ ಆರ್ಕಿಟೆಕ್ಟ್ ಮೇಡಂ ಬರ್ತಾರೆ, ಕಟ್ಟಡ ನೋಡೋಕೆ. ಸ್ವಲ್ಪ ಕಸ ಗಿಸ ಹೊಡೆಸಿ ಇಡಿ” ಎಂದರು.

ನಾನು ಎರಡು ಆಳು ಕರೆದುಕೊಂಡು ಹೋಗಿ ಬಾಗಿಲು ತೆರೆದೆ. ಬಾವಲಿ ಹಿಕ್ಕೆ, ಒಡೆದ ಹೆಂಚು, ಕೊಳೆತ ಗೋಣಿ ಎಲ್ಲ ಹೊರಗೆ ಹೋಯಿತು. ಹಾಲು ಖಾಲಿಯಾಗಿ ನಿಂತಾಗ ಕಣ್ಣಿಗೆ ಹೊಡೆದದ್ದು ಕಂಬ. ಮೈಸೂರಿನಿಂದ ಮೇಡಂ ಬರುತ್ತಾರೆ, ಬಾಗಿಲಲ್ಲೇ ಈ ಅಸಹ್ಯ. ನಾನು ಮನೆಗೆ ಓಡಿ ಹುಣಸೆಹುಳಿ ನೆನೆಸಿ, ನಾರು ತಂದು, ಅಂಗಿ ಬಿಚ್ಚಿಟ್ಟು ತಿಕ್ಕಲು ಕೂತೆ. ಆಳುಗಳು “ನಾವು ಮಾಡ್ತೀವಿ ಬಿಡಿ ಸಾರ್” ಎಂದರು. ನಾನು ಬಿಡಲಿಲ್ಲ, ನಿಮಗೆ ಮೂಲೆ ಗೊತ್ತಾಗುವುದಿಲ್ಲ ಎಂದೆ. ಮೇಲಿನಿಂದ ತಿಕ್ಕುತ್ತಾ ತಿಕ್ಕುತ್ತಾ ಕೆಳಗೆ ಬಂದು, ಕೊನೆಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಬುಡವನ್ನೂ ತಿಕ್ಕಿದೆ. ಮಧ್ಯಾಹ್ನದ ಹೊತ್ತಿಗೆ ಕಂಬ ಹೊಸದಾಗಿ ಕಡಿದು ತಂದಂತೆ ಹೊಳೆಯುತ್ತಿತ್ತು. ನನಗೆ ತುಂಬಾ ಸಮಾಧಾನವಾಯಿತು. ಮನೆಗೆ ಬಂದು ಸ್ನಾನ ಮಾಡಿ, ನಾಳೆಗೆ ಬಿಳಿ ಅಂಗಿ ಇಸ್ತ್ರಿ ಮಾಡಿದೆ.

ಗಿರಿಜಳ ಗೆರೆ ಆಗ ನೆನಪಿಗೆ ಬರಲಿಲ್ಲ. ನಂಬುವುದಾದರೆ ನಂಬಿ.

ಆರ್ಕಿಟೆಕ್ಟ್ ವಸುಧಾ ಮೂವತ್ತರ ಆಸುಪಾಸಿನ ಹುಡುಗಿ. ಕಾಲಿಗೆ ಕ್ಯಾನ್ವಾಸ್ ಬೂಟು, ತಲೆಗೆ ಸುತ್ತಿದ ಟವಲು. ಬಂದವರೇ ನನ್ನ ಇಸ್ತ್ರಿ ಅಂಗಿಯ ಕಡೆ ನೋಡದೆ ನೇರ ಹಾಲಿಗೆ ನುಗ್ಗಿ, ಸುತ್ತ ನೋಡಿ, ಫೋನಿನಲ್ಲಿದ್ದ ಒಂದು ಹಳೆಯ ಫೋಟೋ ತೆರೆದು ನನ್ನ ಮುಂದೆ ಹಿಡಿದರು.

“ಸರ್, ಈ ಕಂಬ ಎಲ್ಲಿದೆ?”

ಬೀಗ ಹಾಕುವ ಮುಂಚೆ ಯಾರೋ ತೆಗೆದ ಫೋಟೋ. ಕಂಬದ ತುಂಬ ಬೆರಳ ಗೆರೆ, ಒಂದರ ಮೇಲೊಂದು.

“ಇದೇ ಮೇಡಂ” ಎಂದು ನಾನು ಹೊಳೆಯುವ ಕಂಬ ತೋರಿಸಿದೆ.

ಅವರು ಕಂಬ ನೋಡಿದರು, ಫೋಟೋ ನೋಡಿದರು. “ಗುರುತೆಲ್ಲ ಎಲ್ಲಿ ಹೋಯ್ತು?”

“ತೊಳೆದೆ.”

“ಯಾವಾಗ?”

“ನಿನ್ನೆ. ನೀವು ಬರ್ತೀರಿ ಅಂತ.”

ಅವರು ಬಯ್ಯಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. “ಈ ಫೋಟೋ ನೋಡೇ ಸರ್ ನಾನು ಈ ಕೆಲಸಕ್ಕೆ ಒಪ್ಪಿದ್ದು. ಕಂಬದ ಸುತ್ತ ಗಾಜು ಹಾಕೋಣ ಅಂತಿದ್ದೆ. ಇಲ್ಲಿ ಕೆಲಸ ಮಾಡಿದವರದು ಅಂತ ಉಳಿದಿದ್ದು ಅದೊಂದೇ ಅಲ್ವಾ?” ಎಂದರು.

ಆಗ ನೆನಪಾಯಿತು. ನಾನು ಅವರ ಕೈಯಿಂದ ಫೋನು ಇಸಿದುಕೊಂಡು ಫೋಟೋದ ಕೆಳಭಾಗ ನೋಡಿದೆ. ಬುಡಕ್ಕೆ ಒಂದು ಗೋಣಿಚೀಲ ಅಡ್ಡ ಬಂದಿತ್ತು. ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ, ಗೋಣಿಯ ನೂಲೇ ದೊಡ್ಡದಾಗಿ ಕಂಡಿತು. ಏನು ಹುಡುಕ್ತಿದೀರಿ ಎಂದು ಅವರು ಕೇಳಿದರು. ಏನಿಲ್ಲ ಎಂದೆ. ಮನೆಗೆ ಬಂದು ನಾರನ್ನು ಒಲೆಗೆ ಹಾಕಿದೆ. ಅಂಥದ್ದರಿಂದ ಏನೂ ಆಗುವುದಿಲ್ಲ ಎಂದು ನನಗೂ ಗೊತ್ತು. ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಆಮೇಲಿನ ಒಂದೂವರೆ ವರ್ಷ ನಾನು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಹಾಜರು. ಸಂಬಳವಿಲ್ಲ, ಕರೆದವರೂ ಇಲ್ಲ. ವಸುಧಾ ಮೊದಲು ಮಾಡಿಸಿದ ಕೆಲಸ ಗೋಡೆಯ ಸಿಮೆಂಟು ಕೀಳಿಸಿದ್ದು. ಯಾವ ಕಾಲದಲ್ಲೋ ಯಾರೋ ಗಟ್ಟಿಯಾಗಲಿ ಎಂದು ಹಳೆಯ ಗಾರೆಯ ಮೇಲೆ ಸಿಮೆಂಟು ಬಳಿದಿದ್ದರು. ಅದರ ಒಳಗೆ ಗೋಡೆ ಉಸಿರು ಕಟ್ಟಿ ಮೆತ್ತಗಾಗಿತ್ತು. ಹೊಸ ಗಾರೆಗೆ ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ಕೊಳೆಸಿದ ನೀರು. ಅಂಗಳದಲ್ಲಿ ಅದನ್ನು ಕಲಸಿ ದಿನಗಟ್ಟಲೆ ಇಡುತ್ತಿದ್ದರು. ಬೆಲ್ಲ ಹುಳಿಯಾದ ವಾಸನೆಗೆ ಊರಿನ ಇರುವೆಯೆಲ್ಲ ಬಂದು ಸೇರುತ್ತಿತ್ತು. ಗಾರೆ ಮೇಸ್ತ್ರಿ ಕರಿಯಪ್ಪ ಅದನ್ನು ಬೆರಳಲ್ಲಿ ತೆಗೆದು ಮೂಸಿ, “ಇನ್ನೂ ಆಗ್ಲಿಲ್ಲ ಮಾರಾಯ್ರೆ, ಇವತ್ತು ಮುಟ್ಟೋ ಹಾಗಿಲ್ಲ” ಎಂದು ಬೀಡಿ ಹಚ್ಚುತ್ತಿದ್ದ. ನನಗೆ ಅವನ ಈ ನಿಧಾನ ಬಹಳ ಇಷ್ಟ. ಕೆಲಸ ಬೇಗ ಮುಗಿಯಬಾರದು ಎಂದು ಆಸೆ ಪಡುತ್ತಿದ್ದವನು ಅಲ್ಲಿ ನಾನೊಬ್ಬನೇ.

ಯಾಕೆಂದರೆ ಅಲ್ಲಿ ಜನ ನನ್ನನ್ನು ಮಾತಾಡಿಸುತ್ತಿದ್ದರು. ಸರ್, ಈ ಕೊಕ್ಕೆ ಯಾಕೆ, ಸರ್, ಈ ತೂತು ಎಂತದಕ್ಕೆ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು. ಕೆಲವಕ್ಕೆ ನನಗೂ ಉತ್ತರ ಗೊತ್ತಿರಲಿಲ್ಲ, ಆದರೂ ಹೇಳುತ್ತಿದ್ದೆ. ಭಾನುವಾರ ಕೆಲಸಕ್ಕೆ ರಜೆ. ಅವತ್ತು ಮಾತಾಡದೆ ಮಾತಾಡದೆ, ಸೋಮವಾರ ಬೆಳಿಗ್ಗೆ ಕರಿಯಪ್ಪನಿಗೆ ನಮಸ್ಕಾರ ಎನ್ನುವಾಗ ಗಂಟಲು ಕರಕರ ಎನ್ನುತ್ತಿತ್ತು. ಎರಡು ಸಲ ಕೆಮ್ಮಿ ಸರಿಮಾಡಿಕೊಳ್ಳಬೇಕಾಗುತ್ತಿತ್ತು. ಒಬ್ಬನೇ ಇರುವುದೆಂದರೆ ಇಷ್ಟೇ. ಹೇಳಿಕೊಳ್ಳುವಂಥ ದೊಡ್ಡ ಸಂಕಟವೇನಲ್ಲ, ಆದರೆ ತಪ್ಪುವುದೂ ಇಲ್ಲ.

ಕೆಲಸ ಮುಗಿಯುತ್ತಾ ಬಂದಾಗ ವಸುಧಾ ಒಂದು ದಿನ ದೊಡ್ಡ ಹಾಳೆ ಹರಡಿದರು. ಹಾಲಿನ ನಕ್ಷೆ. “ಸರ್, ಕಂಬದ ಗುರುತು ಅಂತೂ ಹೋಯ್ತು. ಯಾರು ಎಲ್ಲಿ ಕೂರ್ತಿದ್ರು ಅಂತ ನಿಮಗೆ ನೆನಪಿದೆ ಅಂದ್ರಲ್ಲ. ಒಬ್ಬೊಬ್ಬರ ಜಾಗದಲ್ಲೂ ಒಂದು ಮೊರ ಇಟ್ಟು, ನೆಲದ ಮೇಲೆ ಹಿತ್ತಾಳೆ ತಗಡಿನಲ್ಲಿ ಹೆಸರು ಹಾಕಿಸ್ತೀನಿ. ಹೇಳ್ತೀರಾ?”

ಹೇಳುತ್ತೀರಾ ಎಂದು ನನ್ನನ್ನು ಕೇಳುವುದೇ. ನಾನು ಪೆನ್ಸಿಲ್ ಕಸಿದುಕೊಂಡೆ. ಮೊದಲ ಸಾಲು, ಪದ್ಮಾವತಿ, ಪಕ್ಕ ಜಯಮ್ಮ, ಆ ಪಕ್ಕ ಫಿಲೋಮಿನಾ. ಕಿಟಕಿಯ ಕೆಳಗೆ ಸಂಸೆ ಸೀತಮ್ಮ. ಒಂದೇ ಉಸಿರಿಗೆ ಮೂವತ್ತು ಹೆಸರು ಬರೆದೆ, ಆಮೇಲೆ ನಿಧಾನವಾಗಿ ಇನ್ನೂ ಹದಿನೆಂಟು. ವಸುಧಾ ಬೆರಗಾಗಿ ನೋಡುತ್ತಿದ್ದರು. ನನಗೆ ಎದೆ ಉಬ್ಬಿತ್ತು. ಗಿರಿಜಳ ಹೆಸರು ಬರೆಯಲು ಪೆನ್ಸಿಲ್ ಎತ್ತಿದೆ, ಎಲ್ಲಿ ಇಡಬೇಕೋ ಗೊತ್ತಾಗಲಿಲ್ಲ.

ಹಾಳೆ ಮನೆಗೆ ತಂದೆ. ಎರಡು ದಿನ ಅದರ ಮುಂದೆ ಕೂತೆ. ನಾನು ಜಾಗ ನೆನಪಿಟ್ಟುಕೊಂಡದ್ದು ಮೊರ ವಾಪಸು ಹೊತ್ತು ನಡೆದ ದಾರಿಯಿಂದ. ಅವಳು ಎರಡೂವರೆ ವರ್ಷ ಅಲ್ಲಿ ಆರಿಸಿದ್ದಳು, ಅವಳ ಮೊರ ಒಂದು ಸಲವೂ ವಾಪಸು ಹೋಗಿರಲಿಲ್ಲ. ತಪ್ಪು ಮಾಡಿದ ನಲವತ್ತೆಂಟು ಜನರ ಹೆಸರು ಹಾಳೆಯಲ್ಲಿತ್ತು. ತಪ್ಪು ಮಾಡದ ನನ್ನ ಹೆಂಡತಿಗೆ ಅದರಲ್ಲಿ ಜಾಗವಿರಲಿಲ್ಲ. ಊರಿನಲ್ಲಿ ಹಳೆಯ ಹೆಂಗಸರು ನಾಲ್ಕಾರು ಜನ ಇದ್ದರು, ಹೋಗಿ ಕೇಳಬಹುದಿತ್ತು. ಏನೆಂದು ಕೇಳಲಿ, ನನ್ನ ಹೆಂಡತಿ ಎಲ್ಲಿ ಕೂರುತ್ತಿದ್ದಳು ಎಂದೇ? ಮರ್ಯಾದೆ ಅಡ್ಡ ಬಂತು.

ಮೂರನೆಯ ದಿನ ರಬ್ಬರು ತೆಗೆದುಕೊಂಡು ಕಿಟಕಿಯ ಕೆಳಗಿದ್ದ ಸಂಸೆ ಸೀತಮ್ಮನ ಹೆಸರನ್ನು ಅಳಿಸಿ ಹಿಂದಿನ ಸಾಲಿಗೆ ದೂಡಿದೆ. ಅಲ್ಲಿ ಗಿರಿಜ ಎಂದು ಬರೆದೆ. ಹಾಲಿನಲ್ಲೇ ಒಳ್ಳೆಯ ಜಾಗ ಅದು. ಧಾರಾಳ ಬೆಳಕು, ತಲೆ ಎತ್ತಿದರೆ ಬಾಬಾಬುಡನ್‌ಗಿರಿಯ ಸಾಲು ಕಾಣುತ್ತದೆ. ಸೀತಮ್ಮ ಮಗಳ ಮನೆ ಸೇರಿ ಅಲ್ಲೇ ತೀರಿಕೊಂಡರು ಎಂದು ಯಾರೋ ಹೇಳಿದ್ದು ನನ್ನ ಕಿವಿಯಲ್ಲಿತ್ತು. ಸತ್ತವರು ಜಾಗಕ್ಕೆ ಜಗಳ ಬರುವುದಿಲ್ಲ ಎಂದು ಧೈರ್ಯ ಮಾಡಿದೆ.

ಉದ್ಘಾಟನೆಯ ದಿನ ಶಾಮಿಯಾನ, ಭಾಷಣ, ಹಾರ ಎಲ್ಲ ಇತ್ತು. ಆರಿಸುತ್ತಿದ್ದ ಹೆಂಗಸರಲ್ಲಿ ಸಿಕ್ಕವರಿಗೆಲ್ಲ ವಸುಧಾ ಕಾಗದ ಹಾಕಿ ಕರೆಸಿದ್ದರು. ಹನ್ನೊಂದು ಜನ ಬಂದಿದ್ದರು. ಎರಡನೆಯ ಭಾಷಣದ ಮಧ್ಯೆ, ಕಳಸದ ಬಸ್ಸು ತಡವಾಯಿತು ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾ, ಕೋಲು ಊರಿಕೊಂಡು ಹನ್ನೆರಡನೆಯವರು ಬಂದರು. ಸಂಸೆ ಸೀತಮ್ಮ. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಭಾಷಣ ಮುಗಿದು ಬಾಗಿಲು ತೆರೆದಾಗ ಹೆಂಗಸರೆಲ್ಲ ಒಳಗೆ ನುಗ್ಗಿ ಬಗ್ಗಿ ಬಗ್ಗಿ ತಮ್ಮ ಹೆಸರು ಹುಡುಕಿದರು. ಓದಲು ಬಾರದವರಿಗೆ ವಸುಧಾ ಓದಿ ಹೇಳುತ್ತಿದ್ದರು. ಸೀತಮ್ಮ ಯಾರನ್ನೂ ಕೇಳದೆ ನೇರ ಕಿಟಕಿಯ ಹತ್ತಿರ ಹೋಗಿ ನಿಂತು ನನ್ನನ್ನು ಕರೆದರು.

“ರೈಟ್ರೇ, ಇಲ್ಲಿ ಎಂತ ಬರ್ದಿದಾರೆ ಓದಿ.”

ನಾನು ಬಗ್ಗಿ ತಗಡಿನ ಮೇಲಿನ ಧೂಳು ಒರೆಸಿದೆ.

“ನನ್ನ ಹೆಸರು ಅಲ್ಲ ಅಲ್ದಾ? ಊರು ಸೇರಿಸಿ ಬರೆದ್ರೆ ನನ್ನ ಹೆಸರು ಇದಕ್ಕಿಂತ ಉದ್ದ ಆಗ್ಬೇಕು. ಇಲ್ಲಿ ಮೂರೇ ಅಕ್ಷರ ಇದೆ.”

“ಗಿರಿಜ ಅಂತ ಇದೆ ಸೀತಮ್ಮ” ಎಂದೆ. ಇನ್ನೊಂದು ಸುಳ್ಳು ನಾಲಿಗೆಗೆ ಬಂದಿತ್ತು. ಅವರ ಮುಖ ನೋಡಿ ಆಗಲಿಲ್ಲ. “ಅವಳು ಎಲ್ಲಿ ಕೂರ್ತಿದ್ಲು ಅಂತ ನಂಗೆ ನೆನಪಿಲ್ಲ. ಒಳ್ಳೆ ಜಾಗ ಇರ್ಲಿ ಅಂತ ನಿಮ್ದು ಕೊಟ್ಟೆ. ತಪ್ಪಾಯ್ತು.”

ಸೀತಮ್ಮ ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಕೋಲನ್ನು ಇನ್ನೊಂದು ಕೈಗೆ ಬದಲಿಸಿ ನನ್ನ ಕಡೆ ತಿರುಗಿದರು.

“ನೆನಪಿಲ್ವಾ ನಿಮ್ಗೆ?”

“ಇಲ್ಲ.”

“ಬನ್ನಿ ಇಲ್ಲಿ.”

ಕೋಲು ಊರಿಕೊಂಡು ಹಾಲಿನ ಉದ್ದಕ್ಕೂ ನಡೆದು, ಆ ತುದಿಯಲ್ಲಿದ್ದ ನನ್ನ ಮೇಜಿನ ಎದುರಿಗೆ, ಎರಡು ಮಾರು ಈಚೆ ನಿಂತು ಕೋಲಿನಿಂದ ನೆಲ ಕುಟ್ಟಿದರು. ಅಲ್ಲಿ ಹೆಸರಿಲ್ಲ, ಮೊರವಿಲ್ಲ. ಮೂಲೆ ಜಾಗ, ಹಗಲಿನಲ್ಲೂ ಅರೆ ಕತ್ತಲೆ.

“ಇಲ್ಲಿ ಕೂರ್ತಿದ್ಲು. ಈ ಕತ್ಲೆಲಿ ಕಣ್ಣು ಹಾಳು ಮಾಡ್ಕೋತೀಯ, ಬಾರೇ ಕಿಟಕಿ ಹತ್ರ, ನಾನು ಒತ್ತಿ ಜಾಗ ಕೊಡ್ತೀನಿ ಅಂತ ಎಷ್ಟು ಸಲ ಕರ್ದೆ. ಬರ್ಲೇ ಇಲ್ಲ ಅವ್ಳು.”

“ಯಾಕೆ?”

“ಯಾಕೆ ಅಂತ ನನ್ನ ಕೇಳ್ತೀರಲ್ಲ ಮಾರಾಯ್ರೆ. ನಿಮ್ಮನ್ನ ನೋಡ್ತಾ ಕೂರೋಕೆ. ಒಂದ್ಸಲನಾದ್ರೂ ತಲೆ ಎತ್ತಿ, ಈ ಮೊರ ಯಾರ್ದು, ಚೆನ್ನಾಗಿ ಆರಿಸಿದಾಳೆ ಅಂತ ಕೇಳ್ತಾರೆ ಅಂತ ಕಾಯ್ತಿದ್ಲು. ಮೇಸ್ತ್ರಿ ಮಾವನ್ನ ನಿಮ್ಮ ಹತ್ರ ಕಳಿಸಿದ್ದೂ ಅವ್ಳೇ.”

ಅಷ್ಟು ಹೇಳಿ ಸೀತಮ್ಮ ತಮ್ಮ ಸುಣ್ಣದ ಡಬ್ಬಿ ಹುಡುಕುತ್ತಾ ಹೊರಗೆ ಹೋದರು. ಊಟಕ್ಕೆ ಕರೆದರು, ಎಲ್ಲರೂ ಶಾಮಿಯಾನದ ಕಡೆ ನಡೆದರು. ತಗಡು ಬದಲಾಯಿಸಬೇಕು ಎಂದು ವಸುಧಾಗೆ ಹೇಳಿದೆ. ಅವರು ಯಾಕೆ ಎಂದು ಕೇಳದೆ ಬರೆದುಕೊಂಡರು.

ಹಾಲು ಖಾಲಿಯಾಯಿತು. ನನ್ನ ಮೇಜಿಗೆ ಈಗ ಸುತ್ತ ಹಗ್ಗ ಕಟ್ಟಿದ್ದಾರೆ, ಯಾರೂ ಕೂರುವಂತಿಲ್ಲ, ನಾನೂ ಕೂರುವಂತಿಲ್ಲ. ಮಂಡಿ ಹಿಡಿದುಕೊಂಡು ನಿಧಾನವಾಗಿ ಸೀತಮ್ಮ ಕೋಲು ಕುಟ್ಟಿದ ಕಡೆ ನೆಲದ ಮೇಲೆ ಕೂತೆ. ಬೆಟ್ಟ ಕಾಣಲಿಲ್ಲ, ಕಿಟಕಿ ಕಾಣಲಿಲ್ಲ. ಅಲ್ಲಿಂದ ಕಾಣುವುದು ನನ್ನ ಕುರ್ಚಿಯೊಂದೇ.